ಮೂರು ಪ್ರಾರ್ಥನೆಯಷ್ಟು ಹೊತ್ತು

1941ರಲ್ಲಿ ನನ್ನನ್ನು ಕುಷ್ಟಗಿಯ ಸರ್ಕಾರಿ ದವಾಖಾನೆಗೆ ಹೆರಿಗೆ ನರ್ಸ್ ಆಗಿ ಹಾಕಿದರು. ಆಗ ನನಗೆ ಇಪ್ಪತ್ನಾಲ್ಕು ವರ್ಷ, ಸಿಟ್ಟು ಮೂಗಿನ ತುದಿಯಲ್ಲಿ. ಊರಿನಲ್ಲಿ ನನಗೆ ಗೊತ್ತಿದ್ದಂತೆ ನಾನೊಬ್ಬಳೇ ಕ್ರೈಸ್ತಳು. ನಿಜಾಮರ ಸರ್ಕಾರದಲ್ಲಿ ವಾರದ ರಜೆ ಶುಕ್ರವಾರ, ಭಾನುವಾರ ಮಾಮೂಲಿ ಕೆಲಸ. ಚರ್ಚಿಗೆಂದರೆ ಗಾಡಿಯಲ್ಲಿ ಕೊಪ್ಪಳ ಸ್ಟೇಷನ್, ಅಲ್ಲಿಂದ ರೈಲಿನಲ್ಲಿ ಗದಗ. ಒಂದು ಶುಕ್ರವಾರ ಅಷ್ಟು ದೂರ ಹೋದೆ, ಬಾಗಿಲಿಗೆ ಬೀಗ! ಮೆಟ್ಟಿಲ ಮೇಲೆ ಕೂತು ಬುತ್ತಿ ತಿಂದು ವಾಪಸು ಬಂದೆ.

ಭಾವಿಯ ಹಗ್ಗ ನಾನು ಮುಟ್ಟುವ ಹಾಗಿರಲಿಲ್ಲ. ಯಾರಾದರೂ ಸೇದಿ, ನನ್ನ ಕೊಡಕ್ಕೆ ಮೇಲಿನಿಂದ ಹೊಯ್ಯಬೇಕು. ಹೆರಿಗೆಗೆ ನಾನು ಬೇಕು, ಪಂಕ್ತಿಗೆ ಬೇಡ. ಸಂಜೆ ಬೈಬಲನ್ನು ಗಟ್ಟಿಯಾಗಿ ಓದುತ್ತಿದ್ದೆ. ಅದು ಭಕ್ತಿಯಿಂದ ಎಂದರೆ ಸುಳ್ಳಾದೀತು, ಮನೆಯಲ್ಲಿ ಒಂದು ದನಿಯಾದರೂ ಇರಲಿ ಎಂದು.

ನನಗೆ ತರಬೇತಿ ಕೊಟ್ಟ ಮೇಟ್ರನ್ ಒಂದು ಪಾಠವನ್ನು ಬಿಡದೆ ಹೇಳುತ್ತಿದ್ದರು. ಬಾಣಂತಿ ಜ್ವರವೆಂದರೆ ಗರ್ಭಕೋಶಕ್ಕೆ ನಂಜೇರುವುದು, ಅದು ಹೆಚ್ಚಾಗಿ ಹೆರಿಗೆ ಮಾಡಿಸಿದವರ ಕೈಯಿಂದಲೇ ಹೋಗುತ್ತದೆ. "ನೀವು ಹೋಗುವ ಮನೆಗಳಲ್ಲಿ ಗಡಿಯಾರ ಇರುವುದಿಲ್ಲ. ಕರ್ತನ ಪ್ರಾರ್ಥನೆಯನ್ನು ಮೂರು ಸಲ ಹೇಳುವಷ್ಟು ಹೊತ್ತು ಮೊಣಕೈವರೆಗೂ ಸೋಪು ಹಚ್ಚಿ ತಿಕ್ಕಿ" ಎನ್ನುತ್ತಿದ್ದರು. ನಮ್ಮವರಿಗೆಲ್ಲ ಬಾಯಿಪಾಠವಾದ ಪುಟ್ಟ ಪ್ರಾರ್ಥನೆ ಅದು, ನಾನು ಹಾಗೇ ಮಾಡುತ್ತಿದ್ದೆ.

ಆ ಬೇಸಿಗೆಯ ಒಂದು ಬೆಳಿಗ್ಗೆ ಗೌರವ್ವನ ಮನೆಯಿಂದ ಕರೆ ಬಂತು. ಗೌರವ್ವ ಐವತ್ತು ದಾಟಿದ ವಿಧವೆ, ಒಕ್ಕಲುತನದ ದೊಡ್ಡ ಮನೆಗೆ ಯಜಮಾನಿ. ಹಿರಿಯ ಸೊಸೆ ಶಾಂತವ್ವನಿಗೆ ಚೊಚ್ಚಲು. ಸೂಲಗಿತ್ತಿ ಕೈಚೆಲ್ಲಿದ ಮೇಲೆ ನನ್ನನ್ನು ಕರೆಸಿದ್ದರು. ನಾನು ಅಂಗಳದಲ್ಲಿ ಕೈ ತಿಕ್ಕುತ್ತ ತುಟಿ ಅಲುಗಿಸಿದ್ದೇ ತಡ, ಗೌರವ್ವ ಎದುರು ಬಂದು ನಿಂತಳು.

"ಬಾಯಾರ, ಏನದು ಪಿಟಿಪಿಟಿ? ನಮ್ಮ ಮನ್ಯಾಗ ನಿಮ್ಮ ಮಂತ್ರ ನಡಿಯಂಗಿಲ್ಲ. ಹುಟ್ಟೂ ಕೂಸಿನ್ನ ನಿಮ್ಮ ಮತಕ್ಕ ಸೇರ್ಸಾಕ ಬಂದೀರೇನು?"

ತಿಳಿಸಿ ಹೇಳಬಹುದಿತ್ತು. ಮನಸ್ಸಿನಲ್ಲೇ ಹೇಳಿಕೊಂಡಿದ್ದರೂ ಯಾರಿಗೆ ಕೇಳುತ್ತಿತ್ತು? ಹಾಳು ಸಿಟ್ಟು ನನ್ನದು. "ಆತು ಬಿಡ್ರಿ" ಎಂದವಳೇ ಒಂದು ತಂಬಿಗೆ ನೀರು ಸುರುವಿಕೊಂಡು ಒಳಗೆ ನಡೆದೆ. ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು.

ಮೂರನೆಯ ದಿನ ಶಾಂತವ್ವನಿಗೆ ಜ್ವರ ಏರಿತು. ದಿನವೂ ಹೋಗಿ ಹಣೆಗೆ ತಣ್ಣೀರ ಬಟ್ಟೆ ಹಾಕಿದೆ. "ನನ್ನ ಕೂಸಿಗಿ ಹಾಲ ಯಾರ ಕುಡಸ್ತಾರ್ರಿ, ಬಾಯಾರ?" ಎಂದು ಕೇಳುತ್ತಿದ್ದಳು. ಒಂಬತ್ತನೆಯ ದಿನ ತೀರಿಕೊಂಡಳು.

ನನಗಿಂತ ಮೊದಲು ಸೂಲಗಿತ್ತಿಯೂ ಮುಟ್ಟಿದ್ದಳು, ಯಾರ ಕೈಯಿಂದ ಹೋಯಿತೆಂದು ಹೇಳಲಾಗದು ಎಂದರು ಡಾಕ್ಟರು. ಮನೆಯವರು ಹಣೆಬರಹ ಎಂದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮನೆಗೆ ಬಂದು ಪ್ರಾರ್ಥನೆಗೆ ಕೂತರೆ ಮೊದಲ ಮಾತೇ ಹೊರಡದು. ನಾಲ್ಕು ದಿನ ತಾಳಿದೆ, ಐದನೆಯ ದಿನ ಗೌರವ್ವನ ಹೊಸ್ತಿಲ ಮುಂದೆ ನಿಂತೆ.

"ಅವ್ವಾರ, ಅವತ್ತ ನಾ ಕೈ ಪೂರಾ ತೊಳದಿರಲಿಲ್ರಿ. ನೀವು ಅಂದ ಸಿಟ್ಟಿಗೆ ಅರ್ಧಕ್ಕ ಬಿಟ್ಟೆ. ಆ ಪ್ರಾರ್ಥನಿ ಮುಗಿಯೂತನಕಾ ಕೈ ತಿಕ್ಕಬೇಕಿತ್ರಿ."

ಗೌರವ್ವ ನನ್ನ ಮುಖವನ್ನಲ್ಲ, ಕೈಗಳನ್ನು ನೋಡಿದಳು. "ಹೋಗ್ರಿ" ಎಂದು ಬಾಗಿಲು ಹಾಕಿಕೊಂಡಳು.

ಆಮೇಲಿನ ಒಂದು ವರ್ಷ ಯಾವ ಶತ್ರುವಿಗೂ ಬೇಡ. ಹೊಸ್ತಿಲಲ್ಲಿ ನಾನು ಹೇಳಿದ್ದು ಊರೆಲ್ಲ ಹರಡಿ, ಹೆರಿಗೆಯ ಕರೆಗಳು ಹೆಚ್ಚುಕಡಿಮೆ ನಿಂತೇಹೋದವು. ದವಾಖಾನೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುತ್ತಾ ದಿನ ನೂಕಿದೆ. ವರ್ಗಾವಣೆಗೆ ಅರ್ಜಿ ಬರೆದೆ, ನಾನೇ ಹರಿದು ಹಾಕಿದೆ. ಶಾಂತವ್ವನ ಮಗಳು ಯಾರದೋ ಸೊಂಟದ ಮೇಲೆ ಕೂತು ದವಾಖಾನೆಯ ಮುಂದೆ ಹಾದುಹೋದರೆ ಕಿಟಕಿ ಬಿಟ್ಟು ಒಳಗೆ ಸರಿಯುತ್ತಿದ್ದೆ. ಅಳು ಬರುತ್ತಿತ್ತು, ಅದಕ್ಕೂ ಜೊತೆಯಿರಲಿಲ್ಲ.

ಮರುವರ್ಷದ ಬೇಸಿಗೆ. ಹೊತ್ತು ಮೂಡಿ ಸ್ವಲ್ಪ ಹೊತ್ತಾಗಿತ್ತು, ಬಾಗಿಲಲ್ಲಿ ಗೌರವ್ವ!

"ಸಣ್ಣ ಸೊಸಿಗಿ ಬ್ಯಾನಿ ಸುರು ಆಗ್ಯಾವ. ಬರ್ರಿ."

"ನಾನಾ?"

"ಹೂಂ, ನೀವ. ಎಲ್ಲಾರೂ ಹಣೆಬರ ಅಂದ್ರು, ನೀವೊಬ್ರ ಖರೇ ಹೇಳಿದ್ರಿ. ಒಂದ ವರ್ಷ ಅದನ್ನ ಎದಿಯಾಗ ಇಟಗೊಂಡ ತಿರಗ್ಯಾಡೀನಿ. ಸೂಲಗಿತ್ತಿ ಇನ್ನೂ ಮುಟ್ಟಿಲ್ಲ, ಏಳ್ರಿ."

ಆ ಬೇಸಿಗೆ ಭಾವಿಗಳೆಲ್ಲ ತಳ ಕಂಡಿದ್ದವು. ಆದರೂ ಗೌರವ್ವನ ಅಂಗಳದಲ್ಲಿ ಕಾಯಿಸಿ ಆರಿಸಿದ ನೀರು ಎರಡು ಕೊಡ ಇತ್ತು. ಆಳಿಗೆ ಹೇಳದೆ ಗೌರವ್ವ ತಾನೇ ತಂಬಿಗೆ ಹಿಡಿದಳು, ಇನ್ನೊಂದು ಕೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡಳು. ಆ ಊರಿನಲ್ಲಿ ಹೆರುವವರನ್ನು ಬಿಟ್ಟು ಬೇರೆ ಯಾರೂ ನನ್ನನ್ನು ಹಾಗೆ ಹಿಡಿದಿರಲಿಲ್ಲ.

"ಬಾಯಿ ಬಿಟ್ಟ ಹೇಳ್ರಿ. ಮುಗಿಯೂತನಕಾ ಹೊಯ್ತೀನಿ."

ಒಂದು ಸಲ ಹೇಳಿದೆ, ಎರಡು ಸಲ ಹೇಳಿದೆ. ಮೂರನೆಯ ಸಲ, ನಮ್ಮ ತಪ್ಪುಗಳನ್ನು ಕ್ಷಮಿಸೆಂದು ಬೇಡುವ ಮಾತಿಗೆ ಬಂದು ಅಲ್ಲೇ ನಿಂತೆ. ಗೌರವ್ವನ ಗಮನ ಮಾತಿನ ಮೇಲಿರಲಿಲ್ಲ, ನನ್ನ ಕೈಗಳ ಮೇಲಿತ್ತು.

"ಯಾಕ ನಿಂತ್ರಿ? ಈ ಸಲ ಅರ್ಧಕ್ಕ ಬಿಡಬ್ಯಾಡ್ರಿ, ಯವ್ವಾ" ಎಂದು ನೀರು ಹೊಯ್ಯುತ್ತಲೇ ಇದ್ದಳು. ನಾನು ಮುಗಿಸಿದೆ.

ಗಂಡು ಕೂಸು ಹುಟ್ಟಿತು. ಮೂರನೆಯ ದಿನ ಜ್ವರ ಬರಲಿಲ್ಲ, ಒಂಬತ್ತನೆಯ ದಿನವೂ ಬರಲಿಲ್ಲ. ನನ್ನ ಒಂಟಿತನ ಅದರಿಂದೇನೂ ನೀಗಲಿಲ್ಲ. ಕುಷ್ಟಗಿ ಬಿಡುವವರೆಗೂ ಒಬ್ಬಳೇ ಉಂಡೆ, ಒಬ್ಬಳೇ ಹಾಡಿದೆ. ಆದರೆ ಭಾನುವಾರವಿಲ್ಲವೆಂದು ಕೊರಗುವುದನ್ನು ಬಿಟ್ಟೆ. ನಂಬಿಕೆಗೆ ಬೇಕಾದ ಜಾಗ ಸೋಪಿನ ನೊರೆಯಲ್ಲೂ ಇದೆ, ಸಿಟ್ಟು ನುಂಗಿಕೊಳ್ಳುವುದರಲ್ಲೂ ಇದೆ ಎಂದು ಆ ಕೆಲಸ ಕಲಿಸಿತು. ಈಗ ಹೆರಿಗೆ ಮಾಡಿಸುವುದಿಲ್ಲ. ಊಟಕ್ಕೆ ಮುಂಚೆ ಕೈ ತೊಳೆಯುವಾಗಲೂ ಮೂರು ಸಲ ಹೇಳುತ್ತೇನೆ. ಕ್ಷಮಿಸೆಂದು ಬೇಡುವ ಆ ಮಾತು ಬಂದಾಗ ಮಾತ್ರ ಶಾಂತವ್ವನ ಹೆಸರು ಸೇರಿಸಿ ಮುಂದೆ ಹೋಗುತ್ತೇನೆ.