ಹುಲುಗಣ್ಣನ ಸ್ಟ್ಯಾಂಡ್‌ಬೈ ಗಾಳಿ

ಭಾನುವಾರ, ಬೆಳಗಿನ ಐದು ಗಂಟೆ. ಕೂಡ್ಲಿಗಿ, ಕೊಟ್ಟೂರುಗಳ ನಡುವಿನ ಹಿರೇಬಂಡಿಯಲ್ಲಿ ಕೋಳಿಗೂ ಇನ್ನೂ ಪೂರ್ತಿ ಎಚ್ಚರವಾಗಿಲ್ಲ. ನೀರುಗಂಟಿ ಹುಲುಗಣ್ಣ ಆಗಲೇ ಟ್ಯಾಂಕಿನ ಬುಡದ ಗುಂಡಿಗಿಳಿದು, ಕತ್ತಲಲ್ಲಿ ಕೈಯಾಡಿಸಿ ವಾಲ್ವು ಹುಡುಕುತ್ತಿದ್ದಾರೆ. ಕುಡಿಯುವ ನೀರಿನ ವಾಲ್ವಿಗೆ ಹಳೇ ಸೈಕಲ್ ಟ್ಯೂಬು ಸುತ್ತಿದೆ, ಬಳಕೆ ನೀರಿನದು ಬೋಳು. ಬೆರಳಿಗೆ ರಬ್ಬರು ತಾಗಿತೋ, ತಿರುಗಿಸಿದರು. ಟಾರ್ಚು ಯಾಕಿಲ್ಲ ಅಂದರೆ ಉತ್ತರ ಸಿದ್ಧವಿದೆ: "ಟಾರ್ಚ್ ಬಾಯಾಗ ಕಚ್ಕಂಡ್ರ ಬೀಡಿ ಎಲ್ಲಿ ಇಟ್ಕಳ್ಳಾದ್ರಿ?"

ಮೂರು ಟ್ಯಾಂಕು, ಹದಿನಾಲ್ಕು ವಾಲ್ವು, ನಾನೂರ ಹನ್ನೆರಡು ನಲ್ಲಿ. ಇಪ್ಪತ್ಮೂರು ವರ್ಷದಿಂದ ಇದೇ ಕೆಲಸ. ನೀರು ಬಂದ ದಿನ ಊರಿಗೆ ಇವರ ನೆನಪಿರುವುದಿಲ್ಲ, ಬಾರದ ದಿನ ಮಾತ್ರ ಎಲ್ಲರ ಬಾಯಲ್ಲೂ ಇವರದೇ ಹೆಸರು.

ಏಳಕ್ಕೆಲ್ಲ ಅವರ ಟಿವಿಎಸ್ ಊರಾಚೆಯ ಕ್ವಾರಿ ಹೊಂಡದ ದಂಡೆಯಲ್ಲಿರುತ್ತದೆ. ಕಲ್ಲು ಒಡೆಯುವುದು ನಿಂತು ಎಷ್ಟೋ ವರ್ಷವಾದ ಗುಂಡಿ. ಈಗ ಹದಿನಾಲ್ಕು ಮೀಟರ್ ಆಳ ನೀರು. ಇಲ್ಲಿ ಪ್ರತಿ ಭಾನುವಾರ ಒಂಬತ್ತು ಜನ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಹವ್ಯಾಸಕ್ಕೆಂದು ಮುಳುಗುತ್ತಾರೆ. ಸಮುದ್ರವೇ ಇಲ್ಲದ ಸೀಮೆಯಲ್ಲಿ ಸ್ಕೂಬಾ ಡೈವಿಂಗಾ ಅಂತ ನಗಬೇಡಿ, ಮೊದಮೊದಲು ಹುಲುಗಣ್ಣನೂ ಹೊಟ್ಟೆ ಹಿಡಿದುಕೊಂಡು ನಕ್ಕವರೇ. ಕರಾವಳಿಯಲ್ಲಿ ಈ ವಿದ್ಯೆ ಕಲಿತು ಬಂದ ಹಗರಿಬೊಮ್ಮನಹಳ್ಳಿಯ ಎಲೆಕ್ಟ್ರಿಕಲ್ ಅಂಗಡಿಯ ಪ್ರವೀಣಕುಮಾರ್ ಈ ತಂಡದ ಗುರು. ಒಮ್ಮೆ ಸಿಲಿಂಡರೊಂದು ಸೋರಿದಾಗ, ದಂಡೆಯಲ್ಲಿ ಕೂತು ನೋಡುತ್ತಿದ್ದ ಹುಲುಗಣ್ಣ "ವಾಷರ್ ಹೋಗೈತಿ ನೋಡ್ರಿ" ಅಂದರು. ಬಿಚ್ಚಿ ನೋಡಿದರೆ ಹೌದು! ಅಂದಿನಿಂದ ಗಾಳಿ ಪರೀಕ್ಷೆಯ ಕೆಲಸ ಇವರ ಹೆಗಲಿಗೆ ಬಿತ್ತು. ಆಮೇಲೆ ಮಗಳು ರೇಖಾ, ಕೊಟ್ಟೂರಿನ ಶಾಲೆಯೊಂದರ ಆಟದ ಟೀಚರ್, ತಾನೂ ಮುಳುಗುತ್ತೇನೆಂದು ಹಟ ಹಿಡಿದು ತಂಡ ಸೇರಿದಳು.

ಅಲ್ಲಿಗೆ ಅಪ್ಪನ ನಗು ನಿಂತಿತು. ಒಳಗಿದ್ದಾಗ ಗಾಳಿ ಕೈಕೊಟ್ಟರೆ ಏನು ಗತಿ ಎಂದು ಪ್ರವೀಣಕುಮಾರ್ ಅವರನ್ನು ಕೇಳಿದರು. ಅವರು ಬೆನ್ನಿನ ಸಿಲಿಂಡರಿಗೇ ಜೋಡಿಸಿದ್ದ ಎರಡನೇ ಮೌತ್‌ಪೀಸ್ ತೋರಿಸಿದರು. ಒಬ್ಬರ ಗಾಳಿ ಮುಗಿದರೆ ಜೊತೆಗಾರರದನ್ನು ಕಚ್ಚಿಕೊಳ್ಳಬಹುದು, ಎಲ್ಲ ಕಡೆ ಇದೇ ಪದ್ಧತಿ, ಭಾರವೂ ಇಲ್ಲ.

"ಜೊತಿಗಾರ ಕಾಣ್ಸಿದ್ರ ಸರಿ ಸಾರ್. ತಳದಾಗ ಕಲ್ಲಿನ ಪುಡಿ ಎದ್ರ ನಮ್ಮ ಕೈ ನಮಗ ಕಾಣಂಗಿಲ್ಲ. ಆಗ?" ಎಂದರು ಹುಲುಗಣ್ಣ. ಅವರಿಗೆ ಬೇಕಿದ್ದದ್ದು ಬೇರೆಯೇ ಒಂದು ಪುಟ್ಟ ಸಿಲಿಂಡರ್, ಅದಕ್ಕೆ ಅದರದೇ ವಾಲ್ವು, ಅದರದೇ ಮೌತ್‌ಪೀಸ್.

ಈ ಹಟದ ಹಿಂದೆ ಹನ್ನೆರಡು ವರ್ಷದ ಹಿಂದಿನ ಒಂದು ಬೇಸಿಗೆಯಿದೆ. ಊರಿನ ಪಂಪ್‌ಹೌಸಿನಲ್ಲಿ ಎರಡು ಮೋಟರು, ಒಂದು ಸ್ಟ್ಯಾಂಡ್‌ಬೈ. ಓಡಾಟ ತಪ್ಪಲಿ ಅಂತ ಹುಲುಗಣ್ಣ ಎರಡಕ್ಕೂ ಒಂದೇ ಸ್ಟಾರ್ಟರ್ ಕೊಟ್ಟಿದ್ದರು. ಸ್ಟಾರ್ಟರ್ ಸುಟ್ಟಿತು, ಎರಡೂ ಮೋಟರು ತಣ್ಣಗೆ ಕೂತವು. ನಾಲ್ಕು ದಿನ ಊರಿಗೆ ಹನಿ ನೀರಿಲ್ಲ. ಖಾಲಿ ಕೊಡ ಹಿಡಿದ ಹೆಂಗಸರೆಲ್ಲ ಇವರ ಮನೆ ಮುಂದೆ ಬಂದು ಬಾಯಿಗೆ ಬಂದಂತೆ ಬೈದರು. ಹೆಂಡತಿ ಚೌಡಕ್ಕ ಕದ ಹಾಕಿಕೊಂಡು ಅತ್ತರು.

"ತಪ್ಪು ನಂದಾ. ಎರಡು ಅದಾವು ಅಂತ ಮೆರೀತಿದ್ದೆ. ಮೂಲ ಒಂದಾ ಇದ್ರ ಅದು ಸ್ಟ್ಯಾಂಡ್‌ಬೈ ಹೆಂಗಾಕ್ಕತ್ರಿ?" ಎನ್ನುತ್ತಾರೆ ಹುಲುಗಣ್ಣ.

ಪ್ರವೀಣಕುಮಾರ್ ಒಪ್ಪಿದರು. ಎರಡನೇ ಮೌತ್‌ಪೀಸ್ ಎಲ್ಲರಿಗೂ ಇರಲಿ, ತಳಕ್ಕೆ ಇಳಿಯುವವರಿಗೆ ಜೊತೆಗೊಂದು ಪುಟ್ಟ ಸಿಲಿಂಡರೂ ಇರಲಿ ಎಂದು ತೀರ್ಮಾನವಾಯಿತು. ರೇಖಾಳದು ಮಾತ್ರ ಗೊಣಗಾಟ. ಪಕ್ಕೆಗೆ ಕೂಸು ಕಟ್ಟಿದಂತಿದೆ ಅಂತ ಅದಕ್ಕೆ 'ತಂಗಿ' ಎಂದೇ ಹೆಸರಿಟ್ಟಳು. ಮೊದಲ ವಾರವೇ ಎಡವಟ್ಟಾಯಿತು. ಎಲ್ಲ ಮೌತ್‌ಪೀಸೂ ಒಂದೇ ಥರ ಇದ್ದುದರಿಂದ ಅವಳು ಶುರುವಿಗೇ ತಂಗಿಯದನ್ನು ಕಚ್ಚಿಕೊಂಡು ಇಳಿದಳು. ಪುಣ್ಯಕ್ಕೆ ಇಳಿದದ್ದು ದಂಡೆ ಬದಿಯಲ್ಲೇ, ಅಲ್ಲಿ ನೀರು ಆಳೆತ್ತರವೂ ಇರಲಿಲ್ಲ. ಮರುವಾರ ಹುಲುಗಣ್ಣ ತಂಗಿಯ ಮೌತ್‌ಪೀಸಿಗೆ ಸೈಕಲ್ ಟ್ಯೂಬಿನ ಉಂಗುರ ಹಾಕಿ ತಂದರು. ಕೈಗೆ ರಬ್ಬರು ಸಿಕ್ಕಿದರೆ ಅದು ಕಷ್ಟಕಾಲದ್ದು, ಸಿಗದಿದ್ದರೆ ದಿನದ್ದು.

ಇನ್ನೊಂದು ಕಟ್ಟಳೆಯೂ ಅವರದೇ. ನೀರಿಗಿಳಿಯುವ ಮುಂಚೆ, ತಳಕ್ಕೆ ಹೋಗುವ ಪ್ರತಿಯೊಬ್ಬರೂ ಮೀಸಲು ಗಾಳಿಯಿಂದ ನಾಲ್ಕು ಉಸಿರು ಎಳೆದು ತೋರಿಸಬೇಕು. "ಸ್ಟ್ಯಾಂಡ್‌ಬೈ ಮೋಟ್ರು ವಾರಕ್ಕೊಮ್ಮಿ ಓಡಿಸ್ಲಿಲ್ಲ ಅಂದ್ರ ಜಾಮ್ ಆಗಿ ಕುಂದರ್ತೈತ್ರಿ" ಎನ್ನುತ್ತಾರೆ. ಹನ್ನೊಂದು ತಿಂಗಳಿಂದ ತಂಗಿಯೊಳಗಿನ ಗಾಳಿಯ ಒತ್ತಡ ತೋರಿಸುವ ಮುಳ್ಳು ಇನ್ನೂರರ ಆಸುಪಾಸಿನಲ್ಲೇ ಹೋಗಿ, ಅಲ್ಲೇ ವಾಪಸು ಬಂದಿದೆ. ಅದನ್ನು ನೋಡಿ ಬೀಡಿ ಹಚ್ಚಿದರೆ ಅವರ ಭಾನುವಾರ ಮುಗಿದಂತೆ.

ಈ ಭಾನುವಾರ ಅವರಿಗೆ ಬೀಡಿಯೂ ರುಚಿಸುತ್ತಿಲ್ಲ. ಗುರು ಜೊತೆಗಿಲ್ಲದೆ ರೇಖಾ ತಳಕ್ಕೆ ಇಳಿಯುತ್ತಿರುವುದು ಇದೇ ಮೊದಲು. ಜೊತೆಗೆ ಹರಪನಹಳ್ಳಿಯ ನರ್ಸ್ ಅರ್ಚನಾ. ದಂಡೆಯಿಂದ ಕಲ್ಲು ಕಟ್ಟಿ ಬಿಟ್ಟ ಹಗ್ಗದ ಗುಂಟ ಇಬ್ಬರೂ ಇಳಿಯುತ್ತಾರೆ. ಪ್ರವೀಣಕುಮಾರ್ ಸಿಲಿಂಡರ್ ಕಟ್ಟಿಕೊಂಡೇ ದಂಡೆಯಲ್ಲಿ ಕಾಯುತ್ತಾರೆ.

ಹದಿನೈದು ನಿಮಿಷ ಗುಳ್ಳೆಗಳು ಎರಡು ಸಾಲಾಗಿ ಸಮಾಧಾನವಾಗಿ ಏಳುತ್ತವೆ. ಇದ್ದಕ್ಕಿದ್ದಂತೆ ಒಂದು ಸಾಲು ಅನ್ನ ಕುದ್ದಂತೆ ಕುದಿಯುತ್ತದೆ. ಯಾರದೋ ಗಾಳಿ ನಿಲ್ಲದೆ ಸುರಿದುಹೋಗುತ್ತಿದೆ! ಪ್ರವೀಣಕುಮಾರ್ ನೀರಿಗೆ ಹಾರುತ್ತಾರೆ. ಕುದಿತ ತಗ್ಗುತ್ತ ಬಂದು ಪೂರಾ ನಿಲ್ಲುತ್ತದೆ. ಹುಲುಗಣ್ಣ ಬಗ್ಗಿ ನೀರನ್ನೇ ನೋಡುತ್ತಾರೆ. ಇಪ್ಪತ್ಮೂರು ವರ್ಷ ನೀರಿನ ಜೊತೆ ಬಾಳಿದವರಿಗೆ ಇವತ್ತು ಅದರ ಮುಖ ನೋಡಲೂ ಭಯ. ಆಮೇಲೆ ಅದೇ ಜಾಗದಲ್ಲಿ ಸಣ್ಣ ಗುಳ್ಳೆಗಳು, ಬಿಟ್ಟು ಬಿಟ್ಟು, ಯಾರೋ ನಿಧಾನಕ್ಕೆ ಉಸಿರಾಡುತ್ತಿರುವಂತೆ.

ಎರಡು ನಿಮಿಷಕ್ಕೆ ರೇಖಾಳ ತಲೆ ಕಾಣುತ್ತದೆ. ಬಾಯಲ್ಲಿ ಟ್ಯೂಬಿನ ಉಂಗುರವಿದ್ದ ಮೌತ್‌ಪೀಸ್. ಹಗ್ಗ ಹಿಡಿದು ಅರ್ಚನಾಳೂ ಪ್ರವೀಣಕುಮಾರರೂ ಹಿಂದೆಯೇ ಬರುತ್ತಾರೆ.

"ಮೌತ್‌ಪೀಸ್ ಬುಸ್ ಅಂತ ಶುರು ಆತು, ನಿಲ್ಲವಲ್ದು. ಕಲ್ಲಿನ ಪುಡಿ ಎದ್ದು ಅರ್ಚನಾ ಎಲ್ಲಿ ಅದಾಳ ಅಂತ ಗೊತ್ತಾಗ್ಲಿಲ್ಲ. ದೊಡ್ಡ ಸಿಲಿಂಡರ್ ಖಾಲಿ ಆತಪ್ಪಾ, ಅದರ ಎರಡನೇದು ಕಚ್ಚಿದ್ರೂ ಏನು ಬಂತು? ಕೈಗೆ ರಬ್ಬರ್ ಸಿಕ್ತು" ಎನ್ನುತ್ತಾಳೆ ಏದುಸಿರಿನಲ್ಲೇ. ಆಮೇಲೆ ಪುಟ್ಟ ಸಿಲಿಂಡರ್ ಬಿಚ್ಚಿ ಅಪ್ಪನ ಮಡಿಲಿಗೆ ಇಡುತ್ತಾಳೆ. "ತಗಾ. ತಂಗಿ ಹಸಿದಾಳ."

ಮುಳ್ಳು ನೂರಾ ಮೂವತ್ತರಲ್ಲಿ ನಿಂತಿದೆ. ಹುಲುಗಣ್ಣ ಅದನ್ನೇ ನೋಡುತ್ತ ಕೂರುತ್ತಾರೆ. ಟವೆಲ್ಲಿನಿಂದ ಮೊದಲು ಸಿಲಿಂಡರ್ ಒರೆಸುತ್ತಾರೆ, ಆಮೇಲೆ ಕಣ್ಣು. ಕೆಟ್ಟ ಮೌತ್‌ಪೀಸ್ ಬಿಚ್ಚಿ ನೋಡುವವರೆಗೂ ಯಾರೂ ನೀರಿಗಿಳಿಯುವಂತಿಲ್ಲ ಎಂದು ಹೇಳಿ, ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ.

ನಿಮ್ಮದೇನಾದರೂ ಆಸೆಯುಂಟೇ ಎಂದರೆ ನಾಚುತ್ತಾರೆ. "ಮುಂದಿನ ವಾರ ಮುಳ್ಳು ಹೋದಂಗ ವಾಪಸ್ ಬರ್ಲಿ. ಮತ್ತೇನ್ ಬೇಕ್ರಿ?"

ಸಂಜೆ ನಾಲ್ಕಕ್ಕೆ ಮತ್ತೆ ಊರಿಗೆ ನೀರು ಬಿಡಬೇಕು, ಹೊರಡುವ ಹೊತ್ತಾಯಿತು. ಖಾಲಿ ಸಿಲಿಂಡರ್‌ಗಳು ಪ್ರವೀಣಕುಮಾರರ ಗಾಡಿ ಏರುತ್ತಿವೆ. ಹುಲುಗಣ್ಣ ತಂಗಿಯನ್ನು ತಾವೇ ಎತ್ತಿಕೊಂಡು ಹೋಗಿ ಎಲ್ಲಕ್ಕಿಂತ ಮುಂದೆ ಇಡುತ್ತಾರೆ.

"ಮೊದ್ಲು ಇಕೀಗೆ ತುಂಬ್ರಿ ಸಾರ್. ದೊಡ್ಡಾವು ಕಾಯ್ತಾವ."