ಅವ್ವ ನೀರು ಕುಡಿಯುವುದನ್ನು ನಿಲ್ಲಿಸಿದಾಗ

ಆ ಬೆಳಿಗ್ಗೆ ಅವ್ವ ನನ್ನನ್ನು ಗುರುತಿಸಲಿಲ್ಲ.

ಚಹಾ ಕೊಡಲು ಹೋದಾಗ ನನ್ನ ಮುಖವನ್ನೇ ನೋಡುತ್ತ, "ಯಾರ ಮನಿಯಾಕಿ ನೀ? ಇವತ್ತ ಸಂತಿ ಅದ ಏನು?" ಎಂದು ಕೇಳಿದರು. ಮೈ ಸುಡುತ್ತಿತ್ತು. ನಾಲಿಗೆ ಒಣಗಿ ಬಿರುಕು ಬಿಟ್ಟಿತ್ತು. ಆಸ್ಪತ್ರೆಗೆಂದು ಕಮಲಾಪುರದಿಂದ ಕಲಬುರಗಿಯವರೆಗೆ ಗಾಡಿಯಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಇದು ಲಕ್ವಾ, ಅಂದರೆ ಪಾರ್ಶ್ವವಾಯು, ಆಗಿರಬಹುದೇ ಎಂದು ಹೆದರಿ ಕುಳಿತಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಆದ್ದರಿಂದ ಡಾಕ್ಟರರೊಂದಿಗೆ ಮಾತನಾಡುವ ಹೊಣೆ ಯಾವಾಗಲೂ ನನ್ನದು.

ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ನಾರ್ಮಲ್ ಬಂದಿತು. ಯೂರಿನ್ ಇನ್ಫೆಕ್ಷನ್ ರಕ್ತಕ್ಕೆ ಹರಡಿತ್ತು, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಏರಿತ್ತು. ಈ ಗೊಂದಲವನ್ನು ಡೆಲಿರಿಯಮ್ ಎನ್ನುತ್ತಾರೆ ಎಂದು ಡಾಕ್ಟರ್ ವಿವರಿಸಿದರು. ಆಮೇಲೆ ಕೇಳಿದರು: "ದಿನಕ್ಕ ನೀರು ಎಷ್ಟು ಕುಡೀತಾರ್ರೀ ಇವರು?"

ನನಗೆ ಗೊತ್ತಿರಲಿಲ್ಲ. ಅಣ್ಣ ಶರಣುವಿಗೂ ಗೊತ್ತಿರಲಿಲ್ಲ.

ಡ್ರಿಪ್, ಆಂಟಿಬಯಾಟಿಕ್ ನಡೆದು ಪ್ರಜ್ಞೆ ತಿಳಿಯಾದ ಮೇಲೆ ನಾನೇ ಅವ್ವನನ್ನು ಕೇಳಿದೆ. ಅವರು ಗೋಡೆಯ ಕಡೆಗೆ ಮುಖ ತಿರುಗಿಸಿದರು.

"ಕುಡದ್ರ ಹೋಗಬೇಕಾಗ್ತದ. ಹೋಗಬೇಕಂದ್ರ ಹಿತ್ತಲಕ್ಕ ಇಳೀಬೇಕು. ಹೋದ ಸಲ ಬಿದ್ದಾಗ ನಿಮ್ಮಣ್ಣ ಎತ್ತಿದ. ಸೀರಿ ಎಲ್ಲಾ ಹೊಲಸಾಗಿತ್ತು. ಮಗನ ಕೈಲೆ ಹಂಗ ಎತ್ತಿಸ್ಕೊಳ್ಳೋದು ಬ್ಯಾಡವ್ವಾ."

ಅದಕ್ಕಾಗಿ ಅವರು ನೀರನ್ನೇ ಬಿಟ್ಟಿದ್ದರು.

ಹಿಂದಿನ ವರ್ಷವಷ್ಟೇ ಅಣ್ಣ ಮನೆಯನ್ನು ಹೊಸದಾಗಿಸಿದ್ದ. ಬಣ್ಣದ ಲೈಟುಗಳ ಫಾಲ್ಸ್ ಸೀಲಿಂಗ್, ಮುಖ ಕಾಣುವಂತಹ ಟೈಲ್ಸ್, ಟಿವಿಗೆಂದೇ ಪ್ಲೈವುಡ್ಡಿನ ಇಡೀ ಒಂದು ಗೋಡೆ. ಓಣಿಯವರು ಬಂದು ನೋಡಿ ಹೊಗಳಿದ್ದರು. ಪಾಯಖಾನೆ ಮಾತ್ರ ಹಿತ್ತಲಿನ ಸವೆದ ಮೆಟ್ಟಿಲುಗಳ ಕೆಳಗೇ ಉಳಿದಿತ್ತು.

ಡಿಸ್ಚಾರ್ಜ್ ಮಾಡುವಾಗ ಡಾಕ್ಟರ್ ಸ್ಪಷ್ಟವಾಗಿ ಹೇಳಿದರು: "ಮತ್ತ ಹಿಂಗಾದ್ರ ಕಿಡ್ನಿ ತಡ್ಕೊಳ್ಳಂಗಿಲ್ರೀ."

ಅವ್ವನ ಕೋಣೆಗೆ ಹೊಂದಿಕೊಂಡು ಪಾಯಖಾನೆಗೆ ಪೈಪ್ ತರಬಹುದಾದ ಜಾಗ ಒಂದೇ ಇತ್ತು. ಅದು ದೇವರ ಕೋಣೆ.

"ದೇವರ ಮನಿ ಒಡದು ಪಾಯಖಾನಿ ಕಟ್ತಿ?" ಅಣ್ಣ ಸಿಡಿದ. "ಡಿಗ್ರಿ ತಗೊಂಡ ಮ್ಯಾಲ ನಿನಗ ದೇವರ ದಿಕ್ಕು ಸೈತ ಮರತೋತು ನೋಡು."

ಡೈಪರ್ ಹಾಕಿದೆವು, ಅವ್ವ ಕಿತ್ತೆಸೆದರು. ಬೆಡ್‌ಪ್ಯಾನ್ ಇಟ್ಟರೆ ಅಳುತ್ತಿದ್ದರು. ಗ್ಲಾಸು ಖಾಲಿಯಾಗುತ್ತಿದೆಯಲ್ಲ ಎಂದು ನಾನು ಸಮಾಧಾನಪಡುತ್ತಿರುವಾಗಲೇ, ಅವರು ಆ ನೀರನ್ನು ಕಿಟಕಿಯಿಂದ ಕರಿಬೇವಿನ ಗಿಡಕ್ಕೆ ಸುರಿಯುವುದನ್ನು ಕಂಡೆ. ತುಟಿ ಮತ್ತೆ ಒಡೆಯುತ್ತಿತ್ತು. ಮಾತು ಮತ್ತೆ ಜಾರುತ್ತಿತ್ತು. ಔಷಧಿ ಇರುವ, ನೀರೂ ಇರುವ ಮನೆಯಲ್ಲಿ, ನಾಚಿಕೆಯೊಂದರಿಂದಲೇ ನನ್ನ ತಾಯಿ ನನ್ನ ಕಣ್ಣೆದುರು ಸಾಯುತ್ತಾರೆಂಬ ಭಯವನ್ನು ಯಾವ ಶಬ್ದಗಳಲ್ಲಿ ಬರೆಯಬೇಕೆಂದು ನನಗೆ ಈಗಲೂ ತಿಳಿಯದು.

ಒಂದು ಮಧ್ಯಾಹ್ನ ಹೊಳೆಯುವ ಆ ಟೈಲ್ಸ್ ಮೇಲೆ ಕುಳಿತು ಅಣ್ಣನ ಕಾಲು ಹಿಡಿದೆ.

ಒಳಗಿನಿಂದ ಅವ್ವನ ದನಿ ಬಂದಿತು. "ಏ ಶರಣೂ, ಬಾ ಇಲ್ಲಿ."

ನಾವಿಬ್ಬರೂ ಹೋದೆವು. ಅವರು ಸೆರಗಿನೊಳಗಿಂದ ಲಿಂಗದ ಕರಡಿಗೆಯನ್ನು ತೆಗೆದು ಅಂಗೈಯಲ್ಲಿ ಹಿಡಿದರು. "ನನ್ನ ದೇವರು ನನ್ನ ಕೊರಳಾಗ ಅದಾನ. ಇವಗ ಕ್ವಾಣಿ ಯಾಕ ಬೇಕು?"

"ಮತ್ತ ಆ ಫೋಟೊ, ಮೂರ್ತಿ?" ಅಣ್ಣ ಕೇಳಿದ.

"ನಿನ್ನ ಟಿವಿ ಗ್ವಾಡಿಗಿ ಕೂಡಸು. ಅಷ್ಟು ಲೈಟ್ ಹಾಕೀದಿ, ದೇವರಿಗೂ ಬೆಳಕಾಗ್ತದ. ಪೂಜಾ ಹೊತ್ತಿಗಿ ಸೀರಿಯಲ್ ಸೌಂಡಷ್ಟು ಸಣ್ಣದು ಮಾಡು."

ಅಣ್ಣ ಸಿಟ್ಟಾಗಲು ಪ್ರಯತ್ನಿಸಿದ. ಆಗಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು, ತಾನೇ ಹೋಗಿ ಫೋಟೊಗಳನ್ನು ಇಳಿಸತೊಡಗಿದ.

ಈಗ ಅಲ್ಲಿ ಕಮೋಡ್ ಇದೆ. ನೆಲಕ್ಕೆ ಒರಟು ಟೈಲ್ಸ್, ಗೋಡೆಗೆ ಹಿಡಿಯಲು ಸ್ಟೀಲ್ ರಾಡ್, ಹೊರಗೆ ತೆರೆಯುವ ಬಾಗಿಲು. ಹೊಸ್ತಿಲು ಇಟ್ಟಿಲ್ಲ. ಅವ್ವನ ಕಿಡ್ನಿ ಪೂರ್ತಿ ಸುಧಾರಿಸಿಲ್ಲ. ರಕ್ತ ಪರೀಕ್ಷೆಗೆಂದು ಕಲಬುರಗಿಗೆ ಹೋದಾಗಲೆಲ್ಲ ರಿಪೋರ್ಟಿನಲ್ಲಿ ಮೊದಲು ಕ್ರಿಯಾಟಿನಿನ್ ಸಾಲನ್ನೇ ಹುಡುಕುತ್ತೇನೆ. ಮುಂದೇನು ಎಂದು ಡಾಕ್ಟರರೂ ಖಚಿತವಾಗಿ ಹೇಳುವುದಿಲ್ಲ.

ನಿನ್ನೆ ಊಟದ ನಂತರ ಅವರೇ ನೀರು ಕೇಳಿ ಕುಡಿದರು. ಸ್ವಲ್ಪ ಹೊತ್ತಿಗೆ ರಾಡ್ ಹಿಡಿದು ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ನಾನು ಬಾಗಿಲಿಗೆ ಕಿವಿಗೊಟ್ಟು ಹೊರಗೆ ನಿಂತೆ.

"ಅಲ್ಲಿ ನಿಂತು ಏನ್ ಕೇಳ್ಲಾಕತ್ತೀದಿ? ಹೋಗತ್ಲಾಗ!" ಎಂದು ಗದರಿದರು.

ನಾನು ಹೋದೆ. ಬಹಳ ದೂರ ಹೋಗಲಿಲ್ಲ.