ಬೀಗದೊಳಗಿನ ಉಪ್ಪು

ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೋಗಿಗಳ ಊಟದ ಬಗ್ಗೆ ಸಲಹೆ ಕೊಡುವ ಆ ಹೆಂಗಸನ್ನು ಎಲ್ಲರೂ ಉಪ್ಪಿನಕ್ಕ ಎಂದೇ ಕರೆಯುತ್ತಿದ್ದರು. ದಿನಬೆಳಗಾದರೆ ಉಪ್ಪು ಕಡಿಮೆ ಮಾಡಿ ಎನ್ನುವವಳಿಗೆ ಈ ಹೆಸರು ಅಂಟಿಕೊಂಡಿದ್ದು ಅನ್ಯಾಯವೇ ಸರಿ. ಆದರೂ ಕರೆದರೆ ಓಗೊಡುತ್ತಿದ್ದಳು. ಅವಳಿಗಿದ್ದ ಚಟ ಒಂದೇ, ಕಂಡವರ ಅಡುಗೆಮನೆಯಲ್ಲಿ ಮೂಗು ತೂರಿಸುವುದು. ರೋಗಿಯ ಬಾಯಿಗೆ ಹೋಗುವುದನ್ನು ತಾನೂ ಒಂದಿಷ್ಟು ನಾಲಿಗೆಗೆ ಹಚ್ಚಿ ನೋಡದೆ ಅವಳು ಯಾರಿಗೂ ಬುದ್ಧಿ ಹೇಳಿದವಳಲ್ಲ.

ಅಂಥವಳ ತಲೆಯಲ್ಲಿ ಹುಳ ಬಿಟ್ಟವನು ಒಬ್ಬ ಬೀಗ ರಿಪೇರಿಯವನು. ಅವನಿಗೆ ಕೊಡುತ್ತಿದ್ದ ಔಷಧಿಯೇ ರಕ್ತದೊತ್ತಡ ಏರಿಸುವಂಥದ್ದು. ಒತ್ತಡ ಇಳಿಯದೆ ಮುಂದಿನ ಡ್ರಿಪ್ ಹಾಕುವಂತಿಲ್ಲ ಎಂದು ಡಾಕ್ಟರು ಆಗಲೇ ಎರಡು ಸಲ ವಾಪಸು ಕಳಿಸಿದ್ದರು. ಔಷಧಿ ನಿಂತರೆ ಕರಗುತ್ತಿರುವ ಗಡ್ಡೆ ಮತ್ತೆ ತಲೆ ಎತ್ತೀತು ಎಂಬ ಭಯ ಎಲ್ಲರಿಗೂ ಇತ್ತು. ಮಾತ್ರೆ ಹೆಚ್ಚಿಸಿದ್ದಾಯಿತು. ಒತ್ತಡ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

"ಎಲ್ಲೋ ಉಪ್ಪು ತಿಂತಿದ್ದಾರೆ," ಎಂದರು ಡಾಕ್ಟರು.

"ಉಪ್ಪಿನ ಡಬ್ಬಿ ಇಡೋ ಕಪಾಟಿಗೆ ಬೀಗ ಹಾಕಿದೀನಿ," ಎಂದಳು ಹೆಂಡತಿ. ಆಮೇಲೆ ಗಂಡನನ್ನು ಓರೆಗಣ್ಣಿನಿಂದ ನೋಡಿ, "ಆದ್ರೆ ಇವರ ಕೈಗೆ ಯಾವ ಬೀಗ ತಾನೆ ನಿಲ್ಲುತ್ತೆ?" ಎಂದಳು.

ಗಂಡ ಇಲ್ಲ ಎಂಬಂತೆ ಕೈಯಾಡಿಸಿದ. ಬಾಯಿ ತುಂಬ ಹುಣ್ಣು, ಮಾತಾಡಿದರೆ ಉರಿ.

ಅಂದು ಸಂಜೆಯೇ ಉಪ್ಪಿನಕ್ಕ ಅವರ ಮನೆ ಹುಡುಕಿಕೊಂಡು ಹೋದಳು. ಅಂಗಡಿಯ ಹಿಂದೆ ಎರಡು ಕೋಣೆ. ಗೋಡೆಗೆ ನೇತುಹಾಕಿದ ಕೀಲಿಗಳು ಅಡುಗೆಮನೆಯ ಬಾಗಿಲವರೆಗೂ ಬಂದಿದ್ದವು. ಒಲೆಯ ಪಕ್ಕದ ಪುಟ್ಟ ಕಪಾಟಿಗೆ ಗೋದಾಮಿಗೆ ಹಾಕುವಂಥ ಹಿತ್ತಾಳೆ ಬೀಗ. ಸೂಪು ಸಪ್ಪೆ. ಬೇಯಿಸಿದ ತರಕಾರಿ ಅದಕ್ಕಿಂತ ಸಪ್ಪೆ. ಬ್ರೆಡ್ಡು ತರುವುದನ್ನೇ ಬಿಟ್ಟಿದ್ದರು. ನೀರಲ್ಲಿ ಬುರುಗೆದ್ದು ಕರಗುವ ಮಾತ್ರೆಗಳಲ್ಲೂ ಉಪ್ಪಿನಂಶ ಇರುತ್ತದೆಂದು ಅವನ್ನೂ ಹುಡುಕಿದಳು, ಒಂದೂ ಇರಲಿಲ್ಲ. ಇಂಥ ಊಟ ಉಂಡು ಒತ್ತಡ ಏರುವುದಾದರೂ ಹೇಗೆ ಎಂದು ಅವಳಿಗೆ ಬಗೆಹರಿಯಲಿಲ್ಲ.

"ನಿಜ ಹೇಳಿ, ಬೀಗ ತೆಗೆದ್ರಾ?" ಎಂದು ಅವನನ್ನೇ ಕೇಳಿದಳು.

ಅವನಿಗೆ ಕೋಪ ಬಂತು. ಉರಿ ಲೆಕ್ಕಿಸದೆ ಬಾಯಿ ಬಿಟ್ಟ. "ಊರವರೆಲ್ಲರ ಬೀಗ ತೆಗೆದಿದೀನಿ, ಅವರು ಕರೆದಾಗ. ಹೆಂಡ್ತಿ ಹಾಕಿದ ಬೀಗ ಮುಟ್ಟೋನಲ್ಲ ನಾನು."

ಉಪ್ಪಿನಕ್ಕನಿಗೆ ಅದು ಸುಳ್ಳೆನಿಸಲಿಲ್ಲ. ಪೆಚ್ಚಾಗಿ ಹೊರಡಲು ಎದ್ದಳು. ಅಷ್ಟರಲ್ಲಿ ಹೆಂಡತಿ ಕೊರಳಿನ ದಾರದಲ್ಲಿದ್ದ ಕೀಲಿಯಿಂದ ಕಪಾಟು ತೆರೆದು, ಒಂದು ಲೋಟ ಬಿಸಿನೀರಿಗೆ ಚಮಚದ ತುಂಬ ಉಪ್ಪು ಸುರಿದು ಕಲಕಿದಳು.

"ಇದೇನು?"

"ಬಾಯಿ ಮುಕ್ಕಳಿಸೋಕೆ. ನರ್ಸಮ್ಮ ಹೇಳಿದ್ದು ಚಿಟಿಕೆ. ಹುಣ್ಣು ಬೇಗ ಒಣಗ್ಲಿ ಅಂತ ನಾನೇ ಜಾಸ್ತಿ ಹಾಕ್ತೀನಿ. ಏನು ತಿಂದ್ರೂ ಆಮೇಲೆ ಒಂದು ಲೋಟ ಕೊಟ್ಟು ಅಂಗಡಿ ನೋಡ್ಕೊಳ್ಳೋಕೆ ಹೋಗ್ತೀನಿ."

ಉಪ್ಪಿನಕ್ಕ ಲೋಟ ಈಸಿಕೊಂಡು ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಮುಖ ಕಿವುಚಿಹೋಯಿತು. ಉಗುಳಲು ಸುತ್ತ ನೋಡಿದರೆ ಬೇಸಿನ್ ಇಲ್ಲ, ಬಕೆಟ್ ಇಲ್ಲ, ಮಂಚದ ಬಳಿ ಒಂದು ಹಳೇ ಡಬ್ಬಿಯೂ ಇಲ್ಲ. ಬಚ್ಚಲು ಹಿತ್ತಲಿನ ಆ ತುದಿಗೆ. ಕಿಟಕಿಯಿಂದಾಚೆ ಉಗುಳಿ ಬಂದು, ನೆಟ್ಟಗೆ ನಿಲ್ಲಲೂ ಆಗದ ಆ ಮನುಷ್ಯನನ್ನು ನೋಡಿದಳು.

"ನೀವು ಎಲ್ಲಿ ಉಗುಳ್ತೀರಿ?"

ಅವನು ತಲೆ ತಗ್ಗಿಸಿದ. "ನುಂಗ್ತೀನಿ. ಔಷಧಿ ತಾನೆ, ಏನೂ ಆಗಲ್ಲ ಅಂದ್ಕೊಂಡೆ."

"ಉಗುಳೋದು ಅಂತ ನರ್ಸಮ್ಮ ಹೇಳಿರ್ಲಿಲ್ವಾ?" ಎಂದಳು ಹೆಂಡತಿ.

"ಡ್ರಿಪ್ ಶುರುವಾದಾಗಿಂದ ನಿನ್ನ ಅಡುಗೆ ಮಣ್ಣು ತಿಂದ ಹಾಗಿರುತ್ತೆ. ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ನಿದ್ದೆ. ನೀನು ಕೈಯಾರೆ ಮಾಡಿ ಕೊಡೋದ್ರಲ್ಲಿ ರುಚಿ ಹತ್ತೋದು ಇದೊಂದೇ. ಉಗುಳೋಕೆ ಮನಸ್ಸು ಬರಲಿಲ್ಲ."

ಇಷ್ಟು ಹೊತ್ತು ಕದ್ದವನನ್ನು ಹುಡುಕಿದೆನಲ್ಲ ಎಂದು ಉಪ್ಪಿನಕ್ಕನಿಗೆ ನಾಚಿಕೆಯಾಯಿತು. ಹೆಂಡತಿಯೇ ಆ ಲೋಟ ಚೆಲ್ಲಿ, ಚಿಟಿಕೆ ಉಪ್ಪಿನ ಬೇರೆ ನೀರು ಮಾಡಿದಳು. ಅಂಗಡಿಯಲ್ಲಿ ತುಕ್ಕು ಹಿಡಿದ ಬೀಗ ನೆನೆಸುವ ತಟ್ಟೆ ತಂದು ಅವನ ಗಲ್ಲದ ಕೆಳಗೆ ಹಿಡಿದಳು.

"ಉಗುಳಿ. ನಾನೇನೂ ಅಂದ್ಕೊಳ್ಳಲ್ಲ."

ಅವನು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡಿದ್ದು, ಕೊನೆಗೆ ಉಗುಳಿದ.

ಮುಂದಿನ ಸಲ ಆಸ್ಪತ್ರೆಗೆ ಬಂದಾಗ ಒತ್ತಡ ಇಳಿದಿತ್ತು, ಡ್ರಿಪ್ ಹಾಕಿದರು. ಹೆಂಡತಿಯ ಕೊರಳಲ್ಲಿ ಕೀಲಿಯ ದಾರ ಇಲ್ಲದ್ದನ್ನು ಉಪ್ಪಿನಕ್ಕ ಗಮನಿಸದೆ ಇರುತ್ತಾಳೆಯೆ?

"ಕಪಾಟಿನ ಬೀಗ ಏನಾಯ್ತು?"

"ಒಳ್ಳೆ ಬೀಗ," ಎಂದಳು ಹೆಂಡತಿ. "ಮನೇಲಿ ಇಟ್ಕೊಂಡು ಏನು ಮಾಡ್ಲಿ ಅಂತ ಮಾರ್ಬಿಟ್ಟೆ."